ಮೊಣಕೈಗೆ ಮುಲಾಮು, ರಕ್ತಕ್ಕೆ ಪರೀಕ್ಷೆ

ಚಿಗರಿ ಬಸ್ಸಿನಲ್ಲಿ ಹಿಡಿಕೆ ಹಿಡಿದು ನಿಂತಾಗ ಅಂಗಿ ತೋಳು ಜಾರಿ ಮೊಣಕೈ ಕಾಣಿಸ್ತು. ನವನಗರ ದಾಟುವಷ್ಟರಲ್ಲಿ ಪಕ್ಕದ ಕಾಕಾ ಕೇಳೇಬಿಟ್ಟರು: 'ತಮ್ಮಾ, ಇದು ಅಂಟತೈತೇನು?'

ಇಲ್ಲ ಕಾಕಾ, ಅಂಟಂಗಿಲ್ಲ. ಸೋರಿಯಾಸಿಸ್. ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೇ ತಿರುಗಿ ಬೀಳೋ ಕಾಯಿಲೆ. ಸುಮಾರು ತಿಂಗಳಿಗೊಮ್ಮೆ ಹೊಸದಾಗಬೇಕಾದ ಚರ್ಮ ಕೆಲವೇ ದಿನಕ್ಕೆ ಬೆಳೆದು, ಪದರ ಪದರವಾಗಿ ಉದುರುತ್ತೆ.

ಆರು ವರ್ಷದಿಂದ ನನಗಿದ್ದ ಚಿಂತೆ ಒಂದೇ, ಯಾರಿಗೂ ಕಾಣಬಾರದು. ಹೋದ ತಿಂಗಳು ಧಾರವಾಡದಲ್ಲಿ ಹೊಸ ಚರ್ಮದ ಡಾಕ್ಟರ ಹತ್ರ ಹೋದೆ. ಕೈ ನೋಡಿದ್ದಕ್ಕಿಂತ ಜಾಸ್ತಿ ಅವರು ಬೇರೇನೇ ಕೇಳಿದರು: 'ಬಿಪಿ ಎಷ್ಟೈತಿ? ಸಿಗರೇಟ್ ಸೇದ್ತೀರೇನು? ಮನ್ಯಾಗ ಯಾರಿಗಾದ್ರೂ ಹಾರ್ಟ್ ಅಟ್ಯಾಕ್ ಆಗೇತೇನು?' ಸೊಂಟಕ್ಕೆ ಟೇಪ್ ಬೇರೆ ಹಿಡಿದರು. ಮನೇಲಿ ಹೇಳಿದ್ರೆ ಅವ್ವ, 'ಚರ್ಮದ ಡಾಕ್ಟರು ಎದಿ ಸುದ್ದಿಗೆ ಯಾಕ ಬರ್ತಾರ?' ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಓದಿದೆ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಯೆಲ್ ಗೆಲ್ಫಾಂಡ್ ತಂಡ ಬ್ರಿಟನ್ನಿನ ಸುಮಾರು 1,30,000 ಸೋರಿಯಾಸಿಸ್ ರೋಗಿಗಳ ದಾಖಲೆ ಜಾಲಾಡಿತು. ಬಿಪಿ, ಶುಗರ್, ಸಿಗರೇಟಿನ ಪಾಲು ಕಳೆದರೂ ಹೃದಯಾಘಾತದ ಅಪಾಯ ಹೆಚ್ಚೇ ಇತ್ತು. ಕಾಯಿಲೆ ತೀವ್ರವಾಗಿರೋ 30ರ ವಯಸ್ಸಿನವರಲ್ಲಿ ಸುಮಾರು 3 ಪಟ್ಟು. ನನ್ನ ವಯಸ್ಸೇ! ಒಂದು ಕ್ಷಣ ಕೈ ತಣ್ಣಗಾಯ್ತು. ಆದರೆ 30ರಲ್ಲಿ ಮೂಲ ಅಪಾಯವೇ ತೀರಾ ಸಣ್ಣದು, 3 ಪಟ್ಟಾದರೂ ಸಂಖ್ಯೆ ದೊಡ್ಡದಲ್ಲ. ನನ್ನಂಥ ಸಣ್ಣ ಪ್ರಮಾಣದ ಕೇಸಿನಲ್ಲಿ ಏರಿಕೆ ಇನ್ನೂ ಕಡಿಮೆ.

ಮುಖ್ಯ ಕಾರಣ ಉರಿಯೂತ. ಚರ್ಮ ಕೆಂಪಾಗಿಸೋ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಥರದ ರಾಸಾಯನಿಕಗಳು ರಕ್ತದಲ್ಲೂ ಓಡಾಡಿ ರಕ್ತನಾಳದ ಒಳಗೋಡೆ ಕೆಡಿಸುತ್ತವೆ. ಅಲ್ಲಿ ಕೊಬ್ಬು ಕೂರೋದು ಸುಲಭವಾಗುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಎರರ್ ಸ್ಕ್ರೀನ್ ಮೇಲೆ, ಬಗ್ ಸರ್ವರ್‌ನಲ್ಲಿ. ನಾನು ಆರು ವರ್ಷ ಸ್ಕ್ರೀನ್ ಒರೆಸ್ತಾ ಕೂತಿದ್ದೆ. ಅದೂ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಮುಲಾಮಿನಿಂದ!

2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ಹೃದಯದ ಅಪಾಯ ಹೆಚ್ಚಿಸೋ ಅಂಶಗಳ ಸಾಲಿನಲ್ಲಿ ಸೋರಿಯಾಸಿಸ್ ಹೆಸರೂ ಇದೆ. ನಿಮ್ಮ ಮೊಣಕೈ, ನೆತ್ತಿ ಮೇಲೂ ಇದೇ ಕಾಯಿಲೆ ಇದ್ದರೆ, ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ ಮಾಡಿಸಬೇಕಾ ಅಂತ ಡಾಕ್ಟರನ್ನ ನೀವೇ ಕೇಳಿ. ಎಲ್ಲ ಡಾಕ್ಟರೂ ತಾವಾಗಿ ಹೇಳಲ್ಲ.

ನನ್ನ ಎಲ್‌ಡಿಎಲ್ 152 ಬಂತು, ಬಿಪಿ 138/88. ಸದ್ಯ ಮಾತ್ರೆ ಬೇಡ, ಮೂರು ತಿಂಗಳು ನಡೆದು ಬಂದು ತೋರಿಸಿ ಅಂದಿದ್ದಾರೆ. ಬೆಳಿಗ್ಗೆ ಉಣಕಲ್ ಕೆರೆ ದಂಡೆ. ಸಂಜೆಯ ಗಿರ್ಮಿಟ್-ಮಿರ್ಚಿ ವಾರಕ್ಕೊಮ್ಮೆಗೆ ಇಳಿದಿದೆ (ಕಷ್ಟ ಇರೋದೇ ಇಲ್ಲಿ).

ಮೊನ್ನೆ ಆಫೀಸಿನ ಹೆಲ್ತ್ ಚೆಕಪ್ ಫಾರ್ಮ್ ಬಂತು. ಚರ್ಮದ ಕಾಯಿಲೆಗೆ ಕಾಲಂ ಇರಲಿಲ್ಲ. 'ಇತರೆ' ಅನ್ನೋ ಕಡೆ ಬರೆದೆ: ಸೋರಿಯಾಸಿಸ್, 6 ವರ್ಷ.