ಊರಿಗೆ ಬಂದು ಸಿಕ್ಕಿಬಿದ್ದವರ ಆರು ವರ್ಷ

ಅಮೆರಿಕದಲ್ಲಿ ಎಚ್‌1ಬಿ ವೀಸಾದ ಮೇಲೆ ದುಡಿಯುವ ಕನ್ನಡಿಗರ ಪಾಲಿಗೆ 2025 ಕೆಟ್ಟ ವರ್ಷ. ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಈ ವೀಸಾದ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಸಹಿ ಹಾಕಿದರು. ಅದು ಜಾರಿಗೆ ಬರಲು ಎರಡು ದಿನವೂ ಉಳಿದಿರಲಿಲ್ಲ. ರಜೆಗೆ ಊರಿಗೆ ಬಂದಿದ್ದವರು ಸಿಕ್ಕಿದ ಬೆಲೆಗೆ ಟಿಕೆಟ್ ಕೊಂಡು ಹೊರಟರು. ಅಲ್ಲಿಂದ ಊರಿಗೆ ಬರಲು ವಿಮಾನ ಹತ್ತಿ ಕೂತಿದ್ದ ಕೆಲವರು ಇಳಿದುಬಿಟ್ಟರು. ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ವಿವರಣೆ ಬಂದದ್ದು ಮರುದಿನ. ಡಿಸೆಂಬರ್ 15ರಿಂದ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ತಪಾಸಣೆ ಶುರುವಾಗಿ, ಭಾರತದಲ್ಲಿ ನಿಗದಿಯಾಗಿದ್ದ ಸಂದರ್ಶನಗಳು ಮುಂದಿನ ಮಾರ್ಚ್‌ಗೂ ಅದರಾಚೆಗೂ ಹೋದವು. ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟ್‌ಗೆ ಹೊಸ ವೀಸಾ ಹಾಕಿಸಿಕೊಳ್ಳುವುದನ್ನು, ಮುಗಿಸಿ ಬೇಗ ಮರಳುವ ಲೆಕ್ಕದಲ್ಲಿ ಬಂದವರು ಇಲ್ಲೇ ಉಳಿಯಬೇಕಾಯಿತು. ಅವರ ಕೆಲಸ, ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಅಲ್ಲಿ.

ಈ ಗದ್ದಲದಲ್ಲಿ ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆ ಒಂದು: ಅವಧಿ ವಿಸ್ತರಣೆಯ (ಎಕ್ಸ್‌ಟೆನ್ಶನ್) ಅರ್ಜಿ ಬಾಕಿ ಇದೆ, ಊರಿಗೆ ಹೋಗಿಬರಬಹುದೇ?

ಕಂಪನಿ ಸಕಾಲದಲ್ಲಿ ಅರ್ಜಿ ಹಾಕಿದ್ದರೆ, ಹಳೆಯ ಅವಧಿ ಮುಗಿದ ಮೇಲೂ ಅದೇ ಕಂಪನಿಯಲ್ಲಿ 240 ದಿನಗಳವರೆಗೆ ಕೆಲಸ ಮಾಡಬಹುದು. ಅಮೆರಿಕದೊಳಗೆ ಇರುವವರೆಗೆ ಮಾತ್ರ ಈ ರಕ್ಷಣೆ. ಗಡಿ ದಾಟಿದ ಮೇಲೆ ಅರ್ಜಿಯ ರಸೀದಿ ತೋರಿಸಿ ಒಳಗೆ ಬರಲಾಗದು. ಹಳೆಯ ಮಂಜೂರಾತಿಯ ಅವಧಿಯೂ ಪಾಸ್‌ಪೋರ್ಟ್‌ನಲ್ಲಿರುವ ಸ್ಟಾಂಪೂ ಮುಗಿಯದೆ ಇದ್ದರೆ ಮರಳಬಹುದು. ಆದರೆ ಆಗ ಸಿಗುವ, ಎಷ್ಟು ದಿನ ಇರಬಹುದೆಂದು ಹೇಳುವ ಐ-94 ದಾಖಲೆ ಹಳೆಯ ದಿನಾಂಕದ್ದಾಗುವುದೇ ಹೆಚ್ಚು. ಹೊಸ ಮಂಜೂರಾತಿಯ ದಿನಾಂಕಕ್ಕೂ ಅದಕ್ಕೂ ತಾಳೆಯಾಗದೆ ವಕೀಲರ ಬಾಗಿಲು ತಟ್ಟುವ ಪರಿಸ್ಥಿತಿ ಬರುತ್ತದೆ. ಎರಡೂ ಮುಗಿದಿದ್ದರೆ ಅರ್ಜಿ ಮಂಜೂರಾಗಬೇಕು, ಆಮೇಲೆ ದೂತಾವಾಸದಲ್ಲಿ ಸಂದರ್ಶನದ ಸ್ಲಾಟ್ ಸಿಗಬೇಕು, ಸ್ಟಾಂಪ್ ಬೀಳಬೇಕು. ಅಲ್ಲಿಯವರೆಗೆ ಮರಳುವಂತಿಲ್ಲ.

ಎಫ್-1 ವಿದ್ಯಾರ್ಥಿ ವೀಸಾದಿಂದ ಎಚ್‌1ಬಿಗೆ ಬದಲಾಗಲು ಕಾಯುತ್ತಿರುವವರ ಗತಿ ಇನ್ನೂ ಕಠಿಣ. ಮಧ್ಯದಲ್ಲಿ ದೇಶ ಬಿಟ್ಟರೆ ಆ ಬದಲಾವಣೆಯ ಕೋರಿಕೆಯನ್ನು ಕೈಬಿಟ್ಟಂತೆಯೇ ಲೆಕ್ಕ. ಅಂಥವರಿಗೆ ಲಕ್ಷ ಡಾಲರ್ ಶುಲ್ಕವೂ ಅನ್ವಯಿಸುತ್ತದೆ ಎಂದು ಅಕ್ಟೋಬರ್ 20ರ ಮಾರ್ಗಸೂಚಿ ಹೇಳಿತು. ಅಪ್ಪ ಆಸ್ಪತ್ರೆ ಸೇರಿದರೆಂದು ಓಡಿಬರುವ ಹುಡುಗಿಯೊಬ್ಬಳಿಗಾಗಿ ಕಂಪನಿ ತೆರಬೇಕಾದ ಬೆಲೆ ಇಂದಿನ ಲೆಕ್ಕದಲ್ಲಿ ಎಂಬತ್ತು ಲಕ್ಷ ರೂಪಾಯಿ ಮೀರುತ್ತದೆ. ಇಂಥ ನಿಯಮವನ್ನು ವಲಸೆ ನೀತಿ ಎಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಸಂಕಟದ ಬೇರು ಹಳೆಯದು. ಅಮೆರಿಕದೊಳಗಿನ ವಾಸಕ್ಕೆ ಅನುಮತಿ ಕೊಡುವುದು ಗೃಹಭದ್ರತಾ ಇಲಾಖೆಯ ವಲಸೆ ಕಚೇರಿ, ಒಳಗೆ ಬರಲು ಬೇಕಾದ ವೀಸಾ ಕೊಡುವುದು ವಿದೇಶಾಂಗ ಇಲಾಖೆ. ಒಬ್ಬರು ಹೂಂ ಎಂದದ್ದನ್ನು ಇನ್ನೊಬ್ಬರು ಒಪ್ಪಲೇಬೇಕೆಂದಿಲ್ಲ. 2004ರ ಜುಲೈವರೆಗೆ ಅಮೆರಿಕದಲ್ಲಿ ಕೂತೇ ಪಾಸ್‌ಪೋರ್ಟ್ ಕಳಿಸಿ ವೀಸಾ ನವೀಕರಿಸಿಕೊಳ್ಳಬಹುದಿತ್ತು. ವೀಸಾಕ್ಕೆ ಬೆರಳಚ್ಚು ಕಡ್ಡಾಯವಾದಾಗ, ಅದನ್ನು ದೇಶದೊಳಗೆ ಪಡೆಯುವ ಏರ್ಪಾಡು ಇಲ್ಲವೆಂದು ಆ ಸೌಲಭ್ಯ ನಿಲ್ಲಿಸಿದರು. ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಹಾಗೆ ಕಾಯುವವರು ಎಚ್‌1ಬಿಗೆ ಇರುವ ಆರು ವರ್ಷದ ಗಡುವನ್ನು ದಾಟಿ ಮೂರು ಮೂರು ವರ್ಷ ವಿಸ್ತರಿಸಿಕೊಳ್ಳಲು 2000ದ ಕಾನೂನು ದಾರಿ ಮಾಡಿತು. ಎಚ್‌1ಬಿ ಮಂಜೂರಾತಿ ಪಡೆಯುವವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನ ಭಾರತದಲ್ಲಿ ಹುಟ್ಟಿದವರು. ಹಾಗಾಗಿ ಈ ಅರ್ಜಿ, ಕಾಯುವಿಕೆ, ಸ್ಟಾಂಪಿಂಗ್‌ಗಳ ಸುತ್ತು ನಮ್ಮವರ ಬದುಕಿನಲ್ಲಿ ತಿರುಗುತ್ತಲೇ ಇದೆ.

ಕೊರೊನಾ ಕಾಲದಲ್ಲಿ ಇದರ ಕ್ರೌರ್ಯ ಬಯಲಾಯಿತು. 2020ರ ಮಾರ್ಚ್‌ನಲ್ಲಿ ದೂತಾವಾಸಗಳು ಬಾಗಿಲು ಹಾಕಿದವು. ಜೂನ್ 22ರ ಘೋಷಣೆ ಎಚ್‌1ಬಿಯವರ ಪ್ರವೇಶವನ್ನೇ ತಡೆಯಿತು. ಸ್ಟಾಂಪ್ ಚಾಲ್ತಿಯಲ್ಲಿದ್ದವರಿಗೆ ತೊಂದರೆಯಾಗಲಿಲ್ಲ. ಎಕ್ಸ್‌ಟೆನ್ಶನ್ ಮಂಜೂರಾಗಿದ್ದರೂ ಸ್ಟಾಂಪ್ ಮುಗಿದವರು ಹೊರಗೇ ಉಳಿದರು. ಹಳೆಯ ಕೆಲಸಕ್ಕೇ ಮರಳುವವರಿಗೆ ಆಗಸ್ಟ್‌ನಲ್ಲಿ ವಿನಾಯಿತಿ ಬಂತು, ಆದರೆ ಸ್ಲಾಟ್ ಸಿಗುವುದು ಬೇರೆಯೇ ಮಾತಾಗಿತ್ತು. 2021ರ ಮೇ 4ರಿಂದ ಬೈಡನ್ ಸರ್ಕಾರ ಭಾರತದಿಂದ ಹೋಗುವವರನ್ನು ತಡೆಯಿತು. ನಮ್ಮಲ್ಲಿ ಎರಡನೇ ಅಲೆ ಮನೆಮನೆಗೂ ನುಗ್ಗಿದ್ದ ದಿನಗಳವು. ಹೆತ್ತವರ ಚಿತೆಗೆ ಬೆಂಕಿ ಇಡಲು ಬಂದವರಲ್ಲಿ ಹಲವರು ತಿಂಗಳುಗಟ್ಟಲೆ ಹೆಂಡತಿ ಮಕ್ಕಳನ್ನು ಕಾಣದೆ ಉಳಿದರು. ನಿರ್ಬಂಧ ತೆಗೆದದ್ದು ನವೆಂಬರ್ 8ಕ್ಕೆ. ಹೀಗೆ ಸಿಕ್ಕಿಬೀಳುವ ಭಯಕ್ಕೆ ಬಾರದೆ ಉಳಿದು, ಹನ್ನೊಂದನೆಯ ದಿನದ ಕಾರ್ಯವನ್ನು ಫೋನಿನ ಪರದೆಯಲ್ಲಿ ನೋಡಿದವರೂ ಇದ್ದಾರೆ. ಆ ನೋವಿಗೆ ಯಾವ ಇಲಾಖೆಯೂ ಉತ್ತರ ಕೊಟ್ಟಿಲ್ಲ.

ನಡುವೆ ಒಳ್ಳೆಯದೂ ಒಂದು ನಡೆಯಿತು. 2024ರ ಜನವರಿ 29ರಿಂದ ಏಪ್ರಿಲ್ 1ರವರೆಗೆ ಅಮೆರಿಕದೊಳಗೇ ಎಚ್‌1ಬಿ ಸ್ಟಾಂಪ್ ನವೀಕರಿಸುವ ಪ್ರಯೋಗ ಮಾಡಿದರು. ಇಪ್ಪತ್ತು ಸಾವಿರ ಅರ್ಜಿಗಳ ಮಿತಿಯ ಅದರಲ್ಲಿ, ಹತ್ತೂ ಬೆರಳಿನ ಗುರುತು ಹಿಂದೆಯೇ ಕೊಟ್ಟವರಿಗೆ ಅವಕಾಶ ಸಿಕ್ಕಿತು. ಅಂದರೆ 2004ರಲ್ಲಿ ಮುಂದಿಟ್ಟ ಕಾರಣ ಈಗ ಉಳಿದಿಲ್ಲ. ಆದರೂ ಪ್ರಯೋಗವನ್ನು ಕಾಯಂ ಮಾಡಲಿಲ್ಲ. ಬದಲಿಗೆ 2025ರ ಸೆಪ್ಟೆಂಬರ್‌ನಲ್ಲಿ ಬಹುಪಾಲು ಜನರಿಗೆ ಸಂದರ್ಶನವಿಲ್ಲದೆ ನವೀಕರಿಸುವ ಡ್ರಾಪ್‌ಬಾಕ್ಸ್ ಸೌಲಭ್ಯ ತೆಗೆದುಹಾಕಿ, ಸ್ವದೇಶದಲ್ಲೋ ವಾಸಿಸುವ ದೇಶದಲ್ಲೋ ಮಾತ್ರ ಸ್ಟಾಂಪಿಂಗ್ ಎಂದರು. ಇಷ್ಟು ವರ್ಷಗಳ ಎಲ್ಲ ಹೆಜ್ಜೆಗಳಲ್ಲಿ ನಮಗೆ ಅತ್ಯಂತ ತಪ್ಪೆನಿಸುವುದು ಇದು. ಗೊತ್ತಿದ್ದ ಪರಿಹಾರವನ್ನು ಕೈಬಿಟ್ಟು ದಾರಿಯನ್ನು ಇನ್ನಷ್ಟು ಕಿರಿದಾಗಿಸಿದರು.

ನಮ್ಮ ಕಡೆಯ ಬಾಕಿಯೂ ಇದೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತು, ವಿದೇಶಾಂಗ ಸಚಿವ ಜೈಶಂಕರ್ ಅವರೂ ಬಂದಿದ್ದರು. ವೀಸಾ ಸೇವೆಯನ್ನು ಮಾತ್ರ ಆರಂಭಿಸಲಿಲ್ಲ. ಕನ್ನಡಿಗರು ಸಂದರ್ಶನಕ್ಕೆ ಇವತ್ತಿಗೂ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಬೆಂಗಳೂರಿನ ಕೌಂಟರ್ ತೆರೆಯಲು ರಾಜ್ಯ ಸರ್ಕಾರವೂ ನಮ್ಮ ಸಂಸದರೂ ಹಟ ಹಿಡಿಯಲೇಬೇಕು. ನವೀಕರಣವನ್ನು ಅಮೆರಿಕದೊಳಗೇ ಮುಗಿಸುವ ವ್ಯವಸ್ಥೆ ಮರಳಿ ಬರಲಿ ಎಂಬ ಬೇಡಿಕೆ ದೆಹಲಿಯ ಪ್ರತಿ ಮಾತುಕತೆಯಲ್ಲೂ ಇರಬೇಕು.

ಅಲ್ಲಿರುವವರಲ್ಲಿ ಒಂದು ವಿನಂತಿ. ಎಕ್ಸ್‌ಟೆನ್ಶನ್‌ಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕಂಪನಿಯನ್ನು ಅಂದಿನಿಂದಲೇ ಒತ್ತಾಯಿಸಿ. ಹೆಚ್ಚುವರಿ ಶುಲ್ಕದ ಪ್ರೀಮಿಯಂ ಪ್ರೊಸೆಸಿಂಗ್‌ನಲ್ಲಿ ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ನಿರ್ಧಾರವೋ ಪ್ರಶ್ನೆಯೋ ಬರುತ್ತದೆ, ಆ ದಾರಿ ಬಳಸಿ. ರಸೀದಿಯೊಂದನ್ನೇ ನಂಬಿ ವಿಮಾನ ಹತ್ತಬೇಡಿ, ವಕೀಲರನ್ನು ಕೇಳಿಯೇ ಹೊರಡಿ. ಇಲ್ಲಿ ಕಾದು ಕೂತ ಅಪ್ಪ ಅಮ್ಮಂದಿರೇ, ಹಬ್ಬಕ್ಕೆ ಬಾ ಎಂದು ಕರೆಯುವ ಮೊದಲು ಅರ್ಜಿ ಏನಾಯಿತು ಎಂದು ಒಂದು ಮಾತು ಕೇಳಿ.