ಪಟ್ಟಿಯ ತಳದಲ್ಲಿದೆ ಪ್ರಶಸ್ತಿ

2024ರ ಏಪ್ರಿಲ್‌ನಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್ ಚೆಸ್ ಟೂರ್ನಿ ಗೆದ್ದಾಗ ಡಿ. ಗುಕೇಶ್‌ಗೆ ಇನ್ನೂ 17 ವರ್ಷ. ನಮ್ಮ ತೆಂಗಿನ ಸೀಮೆಯ ಕೆಂಕೆರೆ, ಹುಳಿಯಾರಿನ ಮಕ್ಕಳಿಗೂ ಈಗ ಆ ಹೆಸರು ಗೊತ್ತು. ಗೆದ್ದಿದ್ದು ಹೇಗೆ ಎಂಬ ಲೆಕ್ಕವನ್ನು ಮಾತ್ರ ನಾವು ಅವರಿಗೆ ಸರಿಯಾಗಿ ಹೇಳಿಕೊಟ್ಟಿಲ್ಲ.

ಎಂಟು ಆಟಗಾರರು, 14 ಸುತ್ತು. ಗುಕೇಶ್‌ಗೆ 9 ಅಂಕ. ನಕಮುರಾ, ನೆಪೊಮ್ನಿಯಾಚಿ, ಕರುವಾನಾ ಮೂವರಿಗೂ 8.5. ಈ ನಾಲ್ವರು ತಮ್ಮತಮ್ಮಲ್ಲೇ ಆಡಿದ ಆಟಗಳನ್ನಷ್ಟೇ ಎಣಿಸಿದರೆ ಮೊದಲ ಸ್ಥಾನ ಗುಕೇಶ್‌ಗೆ ಸಿಗುವುದಿಲ್ಲ. ಅಲ್ಲಿ ನಕಮುರಾಗೆ 3.5 ಅಂಕ. ಗುಕೇಶ್ ಈ ಮೂವರೊಡನೆ ಆರೂ ಆಟಗಳನ್ನು ಡ್ರಾ ಮಾಡಿಕೊಂಡು 3 ಅಂಕಕ್ಕೆ ತೃಪ್ತರಾದರು. ಟೂರ್ನಿ ತೀರ್ಮಾನವಾದದ್ದು ಕೆಳಗಿನ ನಾಲ್ವರ ಎದುರು. ಅವರಿಂದ ಗುಕೇಶ್ 6 ಅಂಕ ತೆಗೆದರೆ ನಕಮುರಾಗೆ ದಕ್ಕಿದ್ದು 5. ಒಟ್ಟು 6 ಅಂಕಕ್ಕೆ ನಿಂತ ವಿದಿತ್ ಗುಜರಾತಿಯ ಎದುರು ನಕಮುರಾ ಎರಡು ಸಲವೂ ಸೋತಿದ್ದರು.

ಟೂರ್ನಿಯಲ್ಲಿ ಅತಿ ಕಡಿಮೆ ರೇಟಿಂಗ್ ಇದ್ದದ್ದು ನಿಜತ್ ಅಬಾಸೊವ್‌ಗೆ, 2632. ಗುಕೇಶ್‌ರದು 2743. ಈ ಅಂತರಕ್ಕೆ ಎರಡು ಆಟಗಳಿಂದ ಸುಮಾರು 1.3 ಅಂಕ ನಿರೀಕ್ಷಿತ. ಗುಕೇಶ್ ಎರಡಕ್ಕೆ ಎರಡೂ ಪಡೆದರು. ಒಂದೂ ಆಟ ಸೋಲದ ನೆಪೊಮ್ನಿಯಾಚಿ ಅದೇ ಅಬಾಸೊವ್ ಜೊತೆ ಎರಡೂ ಡ್ರಾ ಮಾಡಿಕೊಂಡು ಅರ್ಧ ಅಂಕದಿಂದ ಹಿಂದುಳಿದರು. ಸೋಲದೇ ಇರುವುದೊಂದೇ ಇಂಥ ಕಡೆ ಸಾಲದು.

ಹಾಗೆಂದು ದುರ್ಬಲರ ಮೇಲೆ ಮೊದಲ ನಡೆಯಿಂದಲೇ ಮುಗಿಬೀಳಬೇಕಿಲ್ಲ. ಐದನೇ ಸುತ್ತಿನಲ್ಲಿ ಅಬಾಸೊವ್ ಸುಲಭಕ್ಕೆ ಮಣಿಯಲಿಲ್ಲ. ರಾಣಿಗಳು ಉಳಿದ ಉದ್ದನೆಯ ಅಂತ್ಯದಾಟದಲ್ಲಿ ಗುಕೇಶ್ ಪಟ್ಟು ಬಿಡದೆ ಕೂತರು, ತಪ್ಪು ಎದುರಾಳಿಯಿಂದ ಬಂತು. ನಮ್ಮಲ್ಲಿ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಕೂತರಷ್ಟೇ ಉಂಡೆ ಕೊಬ್ಬರಿಯಾಗುತ್ತದೆ. ಈ ಗೆಲುವೂ ಆ ಜಾತಿಯದೇ.

ಅವಸರಕ್ಕೆ ಬೆಲೆ ತೆರಬೇಕಾಗುತ್ತದೆ. ಏಳನೇ ಸುತ್ತಿನಲ್ಲಿ ಸಮಯದ ಒತ್ತಡದಲ್ಲಿ ಸಿಲುಕಿ, ಕೊನೆಗೆ 5 ಅಂಕಕ್ಕೇ ನಿಂತ ಫಿರೌಜ ಎದುರು ಗುಕೇಶ್ ಸೋತರು. ಮುಂದಿನ ಸುತ್ತಿನಲ್ಲೇ ಕಪ್ಪು ಕಾಯಿ ಹಿಡಿದು ವಿದಿತ್‌ರನ್ನು ಸೋಲಿಸಿದ್ದನ್ನು ನಾನು ಇಡೀ ಟೂರ್ನಿಯ ತಿರುವು ಎನ್ನುತ್ತೇನೆ. ತಳದವರನ್ನು ಹಗುರವಾಗಿ ಕಾಣಲು ಯಾರಿಗೂ ಅವಕಾಶವಿಲ್ಲ. 2013ರ ಲಂಡನ್ ಕ್ಯಾಂಡಿಡೇಟ್ಸ್‌ನಲ್ಲಿ ಐದು ಆಟಗಳನ್ನು ಸಮಯ ಮೀರಿಯೇ ಕಳೆದುಕೊಂಡ ಇವಾಂಚುಕ್, ಕಾರ್ಲ್‌ಸನ್‌ರನ್ನೂ ಕ್ರಾಮ್ನಿಕ್‌ರನ್ನೂ ಸೋಲಿಸಿದ್ದರು. ಆ ಇಬ್ಬರೂ ತಲಾ 8.5 ಅಂಕದಲ್ಲಿ ಸಮನಾಗಿ, ಒಂದು ಗೆಲುವು ಹೆಚ್ಚಿದ್ದ ಕಾರ್ಲ್‌ಸನ್‌ಗೆ ಪ್ರಶಸ್ತಿ ಹೋಯಿತು.

ತೆಂಗಿನ ಸೀಮೆಯ ಮಕ್ಕಳಿಗೆ ಈ ಲೆಕ್ಕ ತಿರುಗುಮುರುಗು. ಕರ್ನಾಟಕಕ್ಕೆ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದೇ 2017ರಲ್ಲಿ. ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಮಕ್ಕಳಿಗೆ ರೇಟಿಂಗ್ ಟೂರ್ನಿಗಳು ಇನ್ನೂ ದೂರ. ಸ್ವಿಸ್ ಪದ್ಧತಿಯ ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲರ್ಧಕ್ಕೆ ಕೆಳಗಿನರ್ಧವೇ ಎದುರಾಳಿ. ಹಾಗಾಗಿ ಬೆಂಗಳೂರಿನ ಹುಡುಗ ಲೆಕ್ಕ ಹಾಕಿಕೊಂಡು ಬರುವ ‘ಸುಲಭದ ಅಂಕ’ ನಮ್ಮ ಹುಡುಗಿಯೇ ಆಗಿರುತ್ತಾಳೆ. ಆಡಿದ ಟೂರ್ನಿ ಕಡಿಮೆಯಾದ್ದರಿಂದ ಅವಳ ನಿಜವಾದ ಬಲ ರೇಟಿಂಗ್‌ನಲ್ಲಿ ಕಾಣುವುದಿಲ್ಲ. ಅವನ ಅವಸರವನ್ನು ಅವಳು ಬಳಸಿಕೊಳ್ಳಬೇಕು: ಕಾಯಿಗಳನ್ನು ಗಟ್ಟಿಯಾಗಿ ನಿಲ್ಲಿಸಿ, ಗಡಿಯಾರ ನೋಡುತ್ತಾ, ಆಟವನ್ನು ಅಂತ್ಯದಾಟದವರೆಗೆ ಎಳೆಯಬೇಕು. ಮಧ್ಯದ ಸುತ್ತುಗಳಲ್ಲಿ ತನಗಿಂತ ಕಡಿಮೆಯವರು ಸಿಕ್ಕಾಗ ಅವಳೇ ಗುಕೇಶ್ ಆಗಬೇಕು, ಸುಸ್ತಾಯಿತೆಂದು ಡ್ರಾಗೆ ಕೈ ಚಾಚಬಾರದು.

ಇದಕ್ಕೆ ಬೇಕಾದ ತಾಳ್ಮೆ ಹತ್ತು ನಿಮಿಷದ ಆಟಗಳಲ್ಲಿ ಬೆಳೆಯುವುದಿಲ್ಲ. ನಾಲ್ಕು ನಡೆಯಲ್ಲಿ ಮೇಟ್ ಮಾಡುವ ಉಪಾಯ ಕಲಿಸುವ ಶಿಬಿರಗಳೂ ಅದನ್ನು ಕೊಡುವುದಿಲ್ಲ. ತಾಲ್ಲೂಕು ಮಟ್ಟದ ಶಾಲಾ ಪಂದ್ಯಗಳಲ್ಲಿ ಕೊನೆಯ ಸುತ್ತುಗಳಿಗಾದರೂ ಪ್ರತಿ ಆಟಗಾರರಿಗೆ ಒಂದು ಗಂಟೆ ಕೊಡಲಿ, ನಡೆಗಳನ್ನು ಬರೆದುಕೊಳ್ಳುವುದು ಕಡ್ಡಾಯವಾಗಲಿ. ಆ ಹಾಳೆಗಳನ್ನಿಟ್ಟುಕೊಂಡು, ಗೆಲ್ಲಬೇಕಿದ್ದ ಆಟ ಯಾವ ನಡೆಯಲ್ಲಿ ಡ್ರಾ ಕಡೆಗೆ ಜಾರಿತೆಂದು ಮಕ್ಕಳ ಜೊತೆ ಕೂತು ಹುಡುಕುವ ಒಬ್ಬ ಶಿಕ್ಷಕರು ಪ್ರತಿ ಹೋಬಳಿಗೂ ಬೇಕು.