‘ಸದ್ಯಕ್ಕೆ ಟೈಟ್ ಮಾಡಿಕೊಡಿ’ ಅನ್ನಬೇಡಿ!

ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬರುತ್ತೆ ಅಂತ ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ‘ಮನೇಲಿ ಎಷ್ಟು ಜನ ಇದೀರಾ, ದಿನಕ್ಕೆ ಎಷ್ಟು ಸಲ ಕಾಫಿ ಆಗುತ್ತೆ, ನೆಂಟರು ಬಂದಿದ್ದರಾ ಅನ್ನೋದರ ಮೇಲಿದೆ’ ಅನ್ನುತ್ತೀರಿ ತಾನೆ? ಗಾಡಿಯ ಬ್ರೇಕ್ ಎಷ್ಟು ಕಿಲೋಮೀಟರ್ ಬಾಳುತ್ತದೆ ಎಂಬ ಪ್ರಶ್ನೆಗೂ ಉತ್ತರ ಹೀಗೇ. ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡ ಎರಡು ಸ್ಕೂಟರ್‌ಗಳಲ್ಲಿ ಒಂದರ ಬ್ರೇಕ್ ವರ್ಷದೊಳಗೆ ಸವೆದುಹೋಗಬಹುದು, ಇನ್ನೊಂದರದ್ದು ಮೂರು ವರ್ಷ ಬರಬಹುದು.

ಇದೇನು, ಮಹಿಳಾ ಪುಟದಲ್ಲಿ ಬ್ರೇಕ್ ಪುರಾಣ ಅಂತ ಹುಬ್ಬೇರಿಸಬೇಡಿ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವುದು, ಬರುವಾಗ ತರಕಾರಿ, ಮಧ್ಯಾಹ್ನ ಬ್ಯಾಂಕು, ಸಂಜೆ ಟ್ಯೂಷನ್ನು, ಸಂಗೀತ ಕ್ಲಾಸು... ಇಷ್ಟೆಲ್ಲ ಓಡಾಟ ಸ್ಕೂಟರ್ ಮೇಲೇ ತಾನೆ? ಪೆಟ್ರೋಲ್ ಹಾಕಿಸುವುದು ನಾವು, ಓಡಿಸುವುದು ನಾವು. ಆದರೆ ಸರ್ವೀಸ್ ಮಾತ್ರ ‘ಅವರ’ ಇಲಾಖೆ! ಅವರಿಗೆ ಬಿಡುವು ಸಿಗುವ ಭಾನುವಾರದಂದು ಗ್ಯಾರೇಜ್ ಬಾಗಿಲು ಹಾಕಿರುತ್ತದೆ. ಅಲ್ಲಿಗೆ ಬ್ರೇಕಿನ ವಿಷಯ ಮುಂದಿನ ತಿಂಗಳಿಗೆ.

ಆಯುಧಪೂಜೆಯ ದಿನ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆಯುತ್ತೇವೆ. ಮಾಡೋಣ, ತಪ್ಪಿಲ್ಲ. ಆದರೆ ಆ ನಿಂಬೆಹಣ್ಣಿಡಲು ಬಗ್ಗಿದಾಗ ಅದೇ ಚಕ್ರದ ನಡುವೆ ಇರುವ ಬ್ರೇಕನ್ನೂ ಒಮ್ಮೆ ನೋಡಿದರೆ ಎಷ್ಟು ಚೆನ್ನ! ಸ್ಪ್ಯಾನರ್ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ಅದು ಮೆಕ್ಯಾನಿಕ್ ಕೆಲಸ. ಆದರೆ ಬ್ರೇಕ್ ಬದಲಿಸಬೇಕೋ ಬೇಡವೋ ಎಂಬ ತೀರ್ಮಾನ, ಹಿಂದೆ ಮಗುವನ್ನು ಕೂರಿಸಿಕೊಂಡು ಆ ಗಾಡಿ ಓಡಿಸುವವರದ್ದೇ ಆಗಿರಬೇಕು ಅನ್ನುವುದು ನನ್ನ ವಾದ.

ಒಳಗೇನಿದೆ?

ನಿಮ್ಮ ಗಾಡಿಯ ಚಕ್ರದ ನಡುವೆ ಮುಚ್ಚಿದ ಡಬ್ಬಿಯಂಥದ್ದು ಇದ್ದರೆ ಅದು ಡ್ರಮ್ ಬ್ರೇಕ್. ಅದರೊಳಗೆ ಅರ್ಧಚಂದ್ರಾಕಾರದ ಎರಡು ತುಂಡುಗಳಿರುತ್ತವೆ. ಅವೇ ಬ್ರೇಕ್ ಶೂ. ಅವುಗಳ ಮೇಲೆ ಅಂಟಿಸಿದ ಪದರಕ್ಕೆ ನಮ್ಮ ಮೆಕ್ಯಾನಿಕ್‌ಗಳು ‘ಲೈನರ್’ ಅನ್ನುತ್ತಾರೆ. ಲಿವರ್ ಹಿಡಿದಾಗ ಅವು ಅಗಲವಾಗಿ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತವೆ. ಇನ್ನು, ಹೊಳೆಯುವ ಉಕ್ಕಿನ ತಟ್ಟೆ ಹೊರಗೇ ಕಾಣುತ್ತಿದ್ದರೆ ಅದು ಡಿಸ್ಕ್ ಬ್ರೇಕ್. ತಟ್ಟೆಯ ಎರಡೂ ಬದಿಯಿಂದ ಎರಡು ಪ್ಯಾಡುಗಳು ಅದನ್ನು ಇಕ್ಕಳದ ಹಾಗೆ ಹಿಡಿಯುತ್ತವೆ. ಎಷ್ಟೋ ಸ್ಕೂಟರ್‌ಗಳಲ್ಲಿ ಎರಡೂ ಕಡೆ ಡ್ರಮ್ಮೇ. ಕೆಲವಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮನೆಯವರ ಬೈಕಿನಲ್ಲಿ ಎರಡೂ ಡಿಸ್ಕ್ ಇರಬಹುದು.

ಶೂ ಆಗಲಿ ಪ್ಯಾಡ್ ಆಗಲಿ, ಸವೆಯುವುದೇ ಅದರ ಕೆಲಸ. ಪಾತ್ರೆ ತಿಕ್ಕುವ ನಾರಿನ ಹಾಗೆ. ಅದು ಸವೆಯದಿದ್ದರೆ ಡ್ರಮ್ಮೋ ಡಿಸ್ಕೋ ಸವೆಯಬೇಕಾಗುತ್ತದೆ. ಅವುಗಳ ಬೆಲೆ ಎಷ್ಟೋ ಪಟ್ಟು ಹೆಚ್ಚು.

ಹಾಗಾದರೆ ಎಷ್ಟು ಕಿಲೋಮೀಟರ್? ಒಂದು ಅಂದಾಜು ಬೇಕೇ ಬೇಕು ಅನ್ನುವವರಿಗೆ ಹೇಳುವುದಾದರೆ, ಊರೊಳಗಿನ ಓಡಾಟದಲ್ಲಿ 10 ಸಾವಿರದಿಂದ 20 ಸಾವಿರ ಕಿಲೋಮೀಟರ್ ಅನ್ನಬಹುದು. ಸಿಗ್ನಲ್ಲು, ಹಂಪು, ಜಾಮುಗಳ ನಡುವೆ ಓಡುವ ಗಾಡಿಗೆ ಅದಕ್ಕೂ ಮುಂಚೆಯೇ ಮುಗಿಯಬಹುದು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಬೈಕಿಗೆ ಇನ್ನೂ ಹೆಚ್ಚು ಬರಬಹುದು. ಆದ್ದರಿಂದ ‘ಇನ್ನೂ 10 ಸಾವಿರ ಆಗಿಲ್ಲ ಬಿಡಿ’ ಅಂತ ಮೀಟರ್ ನೋಡಿ ನಿಶ್ಚಿಂತೆಯಾಗಿ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ನಮ್ಮ ಗೇರ್‌ಲೆಸ್ ಗಾಡಿಗಳಿಗೆ ಇನ್ನೊಂದು ತಾಪತ್ರಯವಿದೆ. ಗೇರ್ ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸಿದರೆ ಎಂಜಿನ್ನೇ ವೇಗವನ್ನು ಎಳೆದು ಹಿಡಿಯುತ್ತದೆ. ಸ್ಕೂಟರ್‌ನಲ್ಲಿ ಆ ಹಿಡಿತ ಕಮ್ಮಿ. ವೇಗ ತೀರಾ ಇಳಿದ ಮೇಲಂತೂ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಗಾಡಿ ಸುಮ್ಮನೆ ಉರುಳುತ್ತದೆ. ಆಗ ನಿಲ್ಲಿಸುವ ಪೂರ್ತಿ ಹೊಣೆ ಬ್ರೇಕಿನದ್ದೇ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಎಷ್ಟು ಸಲ ಲಿವರ್ ಹಿಡಿಯುತ್ತೀರಿ, ಒಮ್ಮೆ ಎಣಿಸಿ ನೋಡಿ. ಇದರ ಮೇಲೆ ಹಿಂದೆ ಅತ್ತೆ, ಮುಂದೆ ಮಗು, ಕಾಲ ಬಳಿ 10 ಕೆ.ಜಿ. ಅಕ್ಕಿ ಮೂಟೆ! ಭಾರ ಹೆಚ್ಚಿದಷ್ಟೂ ಸವೆತ ಹೆಚ್ಚು. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಕೆಸರು ಮರಳಿನ ಕಾಟ ಬೇರೆ. ಆ ಮರಳು ಪ್ಯಾಡಿನ ನಡುವೆ ಸಿಕ್ಕಿ ಮರಳುಕಾಗದದಂತೆ ಉಜ್ಜುತ್ತದೆ.

ಕೆಲವರಿಗೆ ಲಿವರ್ ಮೇಲೆ ಬೆರಳಿಟ್ಟು, ಸ್ವಲ್ಪ ಒತ್ತಿಕೊಂಡೇ ಓಡಿಸುವ ಅಭ್ಯಾಸ. ಹಿಂದಿನ ಕೆಂಪು ದೀಪ ದಾರಿಯುದ್ದಕ್ಕೂ ಉರಿಯುತ್ತಲೇ ಇರುತ್ತದೆ. ಬ್ರೇಕೂ ಸವೆಯಿತು, ಪೆಟ್ರೋಲೂ ಹೋಯಿತು, ಹಿಂದಿನಿಂದ ಬರುವವರಿಗೆ ನೀವು ನಿಜವಾಗಿ ಯಾವಾಗ ನಿಲ್ಲಿಸುತ್ತೀರಿ ಅಂತಲೂ ತಿಳಿಯದು.

ಬಲಗೈಗೆ ಭಯ ಯಾಕೆ?

‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೆ’ ಎಂಬ ಮಾತನ್ನು ಗಾಡಿ ಕಲಿಸುವವರೇ ನಮ್ಮ ತಲೆಯಲ್ಲಿ ತುಂಬಿಬಿಟ್ಟಿದ್ದಾರೆ. ಹಾಗಾಗಿ ಎಷ್ಟೋ ಹೆಂಗಸರು ಬಲಗೈ ಲಿವರನ್ನು ಮುಟ್ಟುವುದೇ ಇಲ್ಲ. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಆದ್ದರಿಂದ ಹೆಚ್ಚು ಹಿಡಿತ ಕೊಡುವುದು ಮುಂದಿನ ಬ್ರೇಕೇ. ಬರೀ ಎಡಗೈ ಬ್ರೇಕ್ ಹಿಡಿಯುವವರ ಹಿಂದಿನ ಶೂ ಬೇಗ ಸವೆಯುತ್ತದೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಪಲ್ಟಿಯಾಗುವುದು ಮುಂದಿನ ಬ್ರೇಕನ್ನು ತಿರುವಿನಲ್ಲೋ ಮರಳಿನ ಮೇಲೋ ಧಡಕ್ಕನೆ ಹಿಡಿದಾಗ. ನೇರ ದಾರಿಯಲ್ಲಿ ಎರಡನ್ನೂ ಒಟ್ಟಿಗೆ, ಮೆದುವಾಗಿ ಶುರುಮಾಡಿ ಒತ್ತುತ್ತಾ ಹೋಗುವುದು ಸರಿಯಾದ ಕ್ರಮ. ಖಾಲಿ ಮೈದಾನದಲ್ಲಿ ಒಂದು ಸಂಜೆ ಅಭ್ಯಾಸ ಮಾಡಿದರೆ ಸಾಕು.

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಾಂಬಿ ಬ್ರೇಕ್ ಆಗಲಿ ಎಬಿಎಸ್ ಆಗಲಿ ಇರಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಿತು. ಕಾಂಬಿ ಬ್ರೇಕಿನ ಸ್ಕೂಟರ್‌ನಲ್ಲಿ ಎಡಗೈ ಲಿವರ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಒಳ್ಳೆಯದೇ. ಆದರೆ ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳು ಇನ್ನೂ ನಮ್ಮ ಬೀದಿಗಳಲ್ಲಿ ಓಡುತ್ತಿವೆ.

ನೋಡುವುದು ಹೇಗೆ?

ತಿಂಗಳಿಗೊಮ್ಮೆ, ಗಾಡಿ ಒರೆಸುವ ದಿನ, ಐದು ನಿಮಿಷ ಸಾಕು.

ಡ್ರಮ್ ಬ್ರೇಕಿನವರು ಚಕ್ರದ ಪಕ್ಕ, ಕೇಬಲ್ ಬಂದು ಸೇರುವ ಜಾಗ ನೋಡಿ. ಅಲ್ಲಿ ಒಂದು ಸಣ್ಣ ಲೋಹದ ತೋಳಿರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಅದರ ಬುಡದಲ್ಲಿ ಒಂದು ಬಾಣದ ಗುರುತು, ಡ್ರಮ್ಮಿನ ಮುಚ್ಚಳದ ಮೇಲೆ ಇನ್ನೊಂದು ಗುರುತು ಇರುತ್ತದೆ. ಮಗನನ್ನೋ ಮಗಳನ್ನೋ ಕರೆದು ಲಿವರನ್ನು ಪೂರ್ತಿ ಹಿಡಿಯಲು ಹೇಳಿ. ಆಗ ಬಾಣ ಆ ಗುರುತಿಗೆ ಬಂದು ಸೇರಿದರೆ ಶೂ ಮುಗಿಯಿತು ಅಂತಲೇ ಅರ್ಥ. ಬದಲಿಸಲೇಬೇಕು.

ಡಿಸ್ಕಿನವರಿಗೆ ಇನ್ನೂ ಸುಲಭ. ಮೊಬೈಲ್ ಟಾರ್ಚ್ ಹಾಕಿ, ತಟ್ಟೆಯನ್ನು ಹಿಡಿಯುವ ಪೆಟ್ಟಿಗೆಯ ಸಂದಿಯಲ್ಲಿ ಇಣುಕಿ. ಲೋಹದ ಹಲಗೆಗೆ ಅಂಟಿಕೊಂಡ ಕಪ್ಪು ಪದರ ಕಾಣುತ್ತದಲ್ಲ, ಅದರ ದಪ್ಪ ಮುಖ್ಯ. ಹೆಚ್ಚಿನ ಪ್ಯಾಡುಗಳಲ್ಲಿ ಒಂದು ಗೀರು ಕೊರೆದಿರುತ್ತಾರೆ. ಗೀರು ಮಾಸಿದರೆ ಪ್ಯಾಡಿನ ಆಯಸ್ಸು ಮುಗಿದಂತೆ. ಗೀರು ಕಾಣದಿದ್ದರೆ, ಸುಮಾರು 2 ಮಿಲಿಮೀಟರ್ ಉಳಿದಿರುವಾಗಲೇ ಬದಲಿಸುವುದು ಒಳ್ಳೆಯದು. ಎರಡೂ ಬದಿಯ ಪ್ಯಾಡ್ ನೋಡಲು ಮರೆಯಬೇಡಿ. ಒಂದು ಚೆನ್ನಾಗಿದ್ದು ಇನ್ನೊಂದು ತೀರಾ ತೆಳುವಾಗಿದ್ದರೆ, ಪ್ಯಾಡನ್ನು ಒತ್ತುವ ಭಾಗ ಎಲ್ಲೋ ಬಿಗಿದುಕೊಂಡಿದೆ ಅಂತ. ಅದನ್ನು ಸರಿಪಡಿಸದೆ ಹೊಸ ಪ್ಯಾಡ್ ಹಾಕಿಸಿದರೆ ದುಡ್ಡು ದಂಡ.

ಹ್ಯಾಂಡಲ್ ಬಳಿಯ ಪುಟ್ಟ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇರುತ್ತದೆ. ಪ್ಯಾಡ್ ಸವೆದ ಹಾಗೆಲ್ಲ ಅದರ ಮಟ್ಟ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಮಟ್ಟ ಕೆಳಗೆ ಹೋಗಿದೆ ಅಂತ ತಕ್ಷಣ ತುಂಬಿಸಬೇಡಿ, ಮೊದಲು ಪ್ಯಾಡ್ ನೋಡಿಸಿ, ಎಲ್ಲಾದರೂ ಸೋರುತ್ತಿದೆಯೇ ಎಂದೂ ನೋಡಿಸಿ. ಆ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುವುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಜೋಕೆ.

ಕಿವಿಯೂ ಕೆಲಸಕ್ಕೆ ಬರುತ್ತದೆ. ಮಳೆಯಲ್ಲಿ ನೆಂದ ಗಾಡಿ ಬೆಳಿಗ್ಗೆ ಒಂದೆರಡು ಸಲ ಕಿರುಗುಟ್ಟಿ ಸುಮ್ಮನಾದರೆ ಚಿಂತೆಯಿಲ್ಲ. ಆದರೆ ಪ್ರತಿ ಸಲ ಹಿಡಿದಾಗಲೂ ಕೀರಲು ಸದ್ದು ಬಂದರೆ ತೋರಿಸಿ. ತಗಡು ಉಜ್ಜಿದಂತೆ ‘ಕರಕರ’ ಅಂದರೆ ಪದರ ಪೂರ್ತಿ ಹೋಗಿ ಲೋಹಕ್ಕೆ ಲೋಹ ತಾಗುತ್ತಿದೆ ಎಂದೇ ತಿಳಿಯಿರಿ. ಆ ದಿನ ಗಾಡಿ ಶಾಲೆಗಲ್ಲ, ಗ್ಯಾರೇಜಿಗೆ ಹೋಗಬೇಕು. ಸದ್ದು ನಿಲ್ಲಲಿ ಅಂತ ದಯವಿಟ್ಟು ಬ್ರೇಕಿಗೆ ಎಣ್ಣೆ ಬಿಡಬೇಡಿ! ಸದ್ದೂ ನಿಲ್ಲುತ್ತದೆ, ಬ್ರೇಕೂ ಹೋಗುತ್ತದೆ.

ಈ ಟೈಟ್ ಮಾಡುವ ಚಾಳಿ

ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಲಿವರ್ ಸಡಿಲವಾದಾಗ ಕೇಬಲ್ ತುದಿಯ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಬ್ರೇಕ್ ಮತ್ತೆ ಬಿಗಿಯಾಗುತ್ತದೆ. ಅದು ಸರಿಯೇ, ಆ ನಟ್ ಇರುವುದೇ ಅದಕ್ಕೆ. ಆದರೆ ಅದಕ್ಕೊಂದು ಮಿತಿಯುಂಟು. ನಮ್ಮ ಬಡಾವಣೆಯ ಒಬ್ಬ ಗೃಹಿಣಿ ಮೂರು ಸಲ ‘ಸದ್ಯಕ್ಕೆ ಟೈಟ್ ಮಾಡಿಕೊಡಿ’ ಅಂದರು, ಮೆಕ್ಯಾನಿಕ್ಕೂ ಮೂರು ಸಲ ತಿರುಗಿಸಿಕೊಟ್ಟ. ನಾಲ್ಕನೇ ಸಲ ಲಿವರ್ ಹ್ಯಾಂಡಲ್‌ಗೇ ತಾಗಿತು, ಗಾಡಿ ನಿಲ್ಲಲಿಲ್ಲ. ಪುಣ್ಯಕ್ಕೆ ಎದುರಿಗಿದ್ದದ್ದು ಮರಳ ಗುಡ್ಡೆ. ಬಿಚ್ಚಿ ನೋಡಿದರೆ ಶೂ ಮೇಲಿನ ಪದರ ಕಾಗದದಷ್ಟಾಗಿತ್ತು, ಡ್ರಮ್ಮಿನ ಒಳಮೈ ಗೀಚಿಹೋಗಿತ್ತು. ಕೆಲವು ನೂರು ರೂಪಾಯಿಯ ಶೂ ಉಳಿಸಲು ಹೋಗಿ ಸಾವಿರಗಳ ಖರ್ಚು!

ತಿಂಗಳ ಖರ್ಚಿನಲ್ಲಿ ಮುಂದೂಡಬಹುದಾದ ಬಾಬ್ತು ಯಾವುದು, ಮುಂದೂಡಬಾರದ್ದು ಯಾವುದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರ್ಟನ್ ಬಟ್ಟೆ ಕಾಯುತ್ತದೆ. 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ 11 ಮೀಟರ್ ಹೋಗಿಬಿಡುತ್ತದೆ. ಎದುರಿಗೆ ಚೆಂಡಿನ ಹಿಂದೆ ಮಗು ಓಡಿಬಂದರೆ, ನಾವು ಲಿವರ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಉಳಿದದ್ದು ಬ್ರೇಕಿಗೆ ಬಿಟ್ಟಿದ್ದು.

‘ನಮ್ಮ ಗಾಡಿ ಓಡುವುದೇ ಇಲ್ಲ, ವಾರಕ್ಕೊಮ್ಮೆ ದೇವಸ್ಥಾನಕ್ಕೆ ಅಷ್ಟೇ’ ಅನ್ನುವವರೂ ಇದ್ದೀರಿ. ನಿಂತಲ್ಲೇ ನಿಂತ ಗಾಡಿಯ ಡ್ರಮ್ಮಿನಲ್ಲಿ ತುಕ್ಕು ಹಿಡಿಯುತ್ತದೆ, ಶೂಗಳ ಮೈ ಗಟ್ಟಿಯಾಗಿ ನುಣುಪಾಗುತ್ತದೆ. ಪದರ ದಪ್ಪಗೇ ಇದ್ದರೂ ಹಿಡಿತ ಇರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಹಾಗೆ ಬಿಚ್ಚಿದಾಗ ಒಳಗಿನ ದೂಳನ್ನು ಬಾಯಿಂದ ಊದಲು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಗು ಪಕ್ಕದಲ್ಲಿದ್ದರೆ ದೂರ ನಿಲ್ಲಿಸಿ.

ಗ್ಯಾರೇಜಿನಲ್ಲಿ ‘ಮೇಡಂ, ನಿಮಗೆ ಅದೆಲ್ಲ ಗೊತ್ತಾಗಲ್ಲ, ಸಾರ್‌ನ ಕಳಿಸಿ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಹಳೆಯ ಶೂ, ಪ್ಯಾಡ್ ಕೈಗೆ ಕೊಡಿ ಅನ್ನಿ. ಹೊಸದರ ಪಕ್ಕ ಇಟ್ಟು ನೋಡಿದರೆ ನಿಮಗೇ ತಿಳಿಯುತ್ತದೆ. ಜೋಡಿಯಲ್ಲಿ ಒಂದನ್ನೇ ಬದಲಿಸುವುದಕ್ಕೆ ಒಪ್ಪಬೇಡಿ. ಡ್ರಮ್ ಬ್ರೇಕಾದರೆ ಶೂಗಳ ಸ್ಪ್ರಿಂಗ್ ಕೂಡ ನೋಡಿಸಿ. ಹಿಂದಿನ ಡ್ರಮ್ಮಿನೊಳಗೆ ಎಣ್ಣೆ ಪಸೆ ಕಂಡರೆ ಆಯಿಲ್ ಸೀಲ್ ಹೋಗಿರಬಹುದು. ಮೊದಲು ಅದನ್ನು ಹಾಕಿಸಿ, ಆಮೇಲೆ ಹೊಸ ಶೂ. ಬಿಡಿಭಾಗವನ್ನು ನೀವೇ ಕೊಳ್ಳುವುದಾದರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನಿಲ್ಲ. ಆದರೆ ಅಸಲಿಯ ಪಕ್ಕದಲ್ಲೇ ನಕಲಿಯೂ ಕೂತಿರುತ್ತದೆ. ಸೀಲ್ ಮಾಡಿದ ಪೊಟ್ಟಣ, ಮುದ್ರಿಸಿದ ಬೆಲೆ, ನಿಮ್ಮ ಗಾಡಿಯ ಮಾಡೆಲ್ ಹೆಸರು ನೋಡಿ, ಬಿಲ್ ಕೇಳಿ ಕೊಳ್ಳಿ. ಸೀರೆ ಅಂಚನ್ನು ತಿರುಗಿಸಿ ನೋಡುವ ನಮಗೆ ಇದೇನು ಕಷ್ಟವಲ್ಲ ಬಿಡಿ!

ಈಚೆಗೆ ಬ್ಯಾಟರಿ ಸ್ಕೂಟರ್ ಕೊಂಡವರಿಗೊಂದು ಮಾತು. ಆಕ್ಸಿಲರೇಟರ್ ಬಿಟ್ಟಾಗ ಮೋಟರೇ ವೇಗ ಎಳೆದು ಬ್ಯಾಟರಿಗೆ ವಾಪಸ್ ತುಂಬುವ ವ್ಯವಸ್ಥೆ ಅಂಥ ಹಲವು ಗಾಡಿಗಳಲ್ಲಿದೆ. ಅದರಿಂದ ಪ್ಯಾಡ್ ಹೆಚ್ಚು ದಿನ ಬರುತ್ತದೆ. ಹಾಗಂತ ನೋಡುವುದನ್ನು ಬಿಡುವಂತಿಲ್ಲ.

ಹೊಸ ಪ್ಯಾಡ್ ಹಾಕಿಸಿದ ಕೂಡಲೇ ಹೊರಡಬೇಡಿ. ಪ್ಯಾಡ್ ಕೂರಿಸುವಾಗ ಅದನ್ನು ಒತ್ತುವ ಭಾಗವನ್ನು ಹಿಂದಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಸಲ ಲಿವರ್ ಹಿಡಿದರೆ ಅದು ಪೊಳ್ಳಾಗಿ ಹ್ಯಾಂಡಲ್‌ಗೆ ಬಂದುಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ನಿಂತಲ್ಲೇ ನಾಲ್ಕೈದು ಸಲ ಒತ್ತಿ, ಲಿವರ್ ಗಟ್ಟಿಯಾದ ಮೇಲಷ್ಟೇ ಗೇಟು ದಾಟಿ. ಹೊಸ ಪ್ಯಾಡ್, ಶೂಗಳ ಮೈ ಡಿಸ್ಕಿಗೆ, ಡ್ರಮ್ಮಿಗೆ ಹೊಂದಿಕೊಳ್ಳಲು ಒಂದೆರಡು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಹಿಡಿತ ಸ್ವಲ್ಪ ಕಮ್ಮಿಯೇ. ಮುಂದಿನ ವಾಹನದಿಂದ ಇನ್ನಷ್ಟು ದೂರ ಇರಿ, ಮೆದುವಾಗಿ ಹಿಡಿಯಿರಿ. ಚಾಮುಂಡಿ ಬೆಟ್ಟ, ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ಹಿಡಿದರೆ ಹಳೆಯ ಪ್ಯಾಡ್ ಕೂಡ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಇನ್ನು ಹೊಸದರ ಮಾತೇನು? ಬೆಟ್ಟಕ್ಕೆ ಹೋಗುವ ಹರಕೆಯಿದ್ದರೆ ಆ ವಾರ ಬಸ್ಸಿನಲ್ಲೇ ಹೋಗಿಬನ್ನಿ.